ಅಡುಗೆಮನೆ ಕಿಂಡಿಯ ‘ಆಕ್ಚುಲಿ’

ಸ್ಟ್ರೋಕ್ ಆಗಿ ಮಾತು ಹೋದವರಲ್ಲಿ ಕೆಲವರಿಗೆ ಒಂದೇ ಒಂದು ಪದ ಉಳಿದುಬಿಡುತ್ತದೆ. ಬಾಯಿ ತೆರೆದರೆ ಅದೇ. ನೀರು ಬೇಕೆಂದರೂ ಅದೇ, ಕಾಲು ನೋಯುತ್ತದೆ ಎಂದರೂ ಅದೇ. ಯಾವ ಪದ ಉಳಿಯಬೇಕೆಂದು ಆರಿಸುವ ಅವಕಾಶ ಯಾರಿಗೂ ಇಲ್ಲ. ಶೃಂಗೇರಿಯಲ್ಲಿ ನಾನು ನೋಡುತ್ತಿದ್ದ ಒಬ್ಬ ಅಜ್ಜನಿಗೆ ‘ನಾರಾಯಣ’ ಉಳಿದಿತ್ತು. ಮನೆಯವರಿಗೆ ಅದೊಂದು ಸಮಾಧಾನ, ಮಜ್ಜಿಗೆ ಕೇಳುವಾಗಲೂ ದೇವರ ಹೆಸರೇ ಬರುತ್ತದಲ್ಲ ಎಂದು. ನರಸಿಂಹರಾಜಪುರದ ಇನ್ನೊಬ್ಬರಿಗೆ ಉಳಿದದ್ದು ಬಾಯಿಬಿಟ್ಟು ಹೇಳಲಾಗದ ಒಂದು ಬೈಗುಳ. ನೆಂಟರು ಬಂದಾಗಲೆಲ್ಲ ಅವರ ಸೊಸೆ ಟಿವಿ ಜೋರು ಮಾಡುತ್ತಿದ್ದಳು.

ಕೊಪ್ಪದ ಹೋಟೆಲಿನ ಅಕ್ಕನಿಗೆ ಉಳಿದದ್ದು ‘ಆಕ್ಚುಲಿ’.

ನಾನು ಮಾತಿನ ಚಿಕಿತ್ಸೆ ಮಾಡುವವಳು. ಸ್ಕೂಟಿಯಲ್ಲಿ ಈ ಮೂರು ಊರುಗಳ ಮಧ್ಯೆ ಓಡಾಡಿಕೊಂಡಿರುತ್ತೇನೆ. ಇಂಥ ಕೆಲಸಕ್ಕೆ ತುಂಬ ತಾಳ್ಮೆ ಬೇಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ನನಗೆ ತಾಳ್ಮೆ ಇಲ್ಲ. ಕಾಯುವುದನ್ನು ಕಲಿತಿದ್ದೇನೆ, ಅಷ್ಟೆ. ಎರಡೂ ಬೇರೆ ಎನ್ನುವುದು ನನ್ನ ಮನೆಯವರಿಗೆ ಚೆನ್ನಾಗಿ ಗೊತ್ತು.

ಮೊದಲ ದಿನ ಬಾಗಿಲು ತೆರೆದವರು ಅಕ್ಕನ ಗಂಡ, ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲು ನಡೆಸುವ ಭಟ್ರು. ಊರಿಗೆಲ್ಲ ಅವರು ಭಟ್ರು, ಅವರ ಹೆಂಡತಿ ಅಕ್ಕ. ನಾನೂ ಹಾಗೇ ಕರೆದೆ.

“ಬನ್ನಿ ಡಾಕ್ಟ್ರಮ್ಮ. ಎಂತ ಕುಡೀತೀರಿ? ಕಾಫಿಯಾ, ಕಷಾಯವಾ?”

“ನಾನು ಡಾಕ್ಟರಲ್ಲ ಭಟ್ರೇ. ಮಾತಿನ ಥೆರಪಿ ಮಾಡೋಳು.”

“ಆಯ್ತು ಡಾಕ್ಟ್ರಮ್ಮ,” ಎಂದು ಕಾಫಿ ತರಲು ಒಳಗೆ ಹೋದರು.

ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ವಯಸ್ಸು ಐವತ್ತು ದಾಟಿರಬಹುದು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅವರ ತಲೆ ಬಾಚಿದ್ದು ಭಟ್ರೇ ಎಂದು ಬೈತಲೆ ನೋಡಿದರೇ ತಿಳಿಯುತ್ತಿತ್ತು, ಪೂರ್ತಿ ಸೊಟ್ಟ. ನಾನು ಪಕ್ಕ ಕೂತು ಹೆಸರು ಕೇಳಿದೆ. ಅವರು ಧೈರ್ಯವಾಗಿ ಉಸಿರೆಳೆದುಕೊಂಡು, “ಆಕ್ಚುಲಿ,” ಎಂದರು. ತಕ್ಷಣ ಎಡಗೈಯಿಂದ ಬಾಯಿ ಮುಚ್ಚಿಕೊಂಡರು. ಕಣ್ಣು ತುಂಬಿತು.

ಪರೀಕ್ಷೆ ಮುಗಿಸಲು ಎರಡು ಭೇಟಿ ಬೇಕಾಯಿತು. ಹೇಳಿದ್ದು ಅವರಿಗೆ ಅರ್ಥವಾಗುತ್ತಿತ್ತು. ಕಿಟಕಿ ತೋರಿಸಿ ಎಂದರೆ ಕಿಟಕಿ, ಲೋಟದ ಪಕ್ಕದ ಚಮಚ ಎಂದರೆ ಚಮಚವೇ. ತೊಂದರೆ ಇದ್ದದ್ದು ಹೊರಗೆ ಬರುವ ದಾರಿಯಲ್ಲಿ. ಹೌದು, ಅಲ್ಲ ಎನ್ನುವ ತಲೆಯಾಟವೂ ಅದಲುಬದಲಾಗಿತ್ತು. ನೀವು ಕೊಪ್ಪದಲ್ಲಿದ್ದೀರಾ ಎಂದಾಗ ಸರಿಯಾಗಿ ಹೌದೆಂದರು. ನಿಮ್ಮ ಹೆಸರು ಗೋಪಾಲನಾ ಎಂದಾಗಲೂ ಹೌದೆಂದು ತಲೆ ಆಡಿಸಿ, ತಪ್ಪು ಹೊಳೆದು ಹಣೆ ಹಣೆ ಬಡಿದುಕೊಂಡರು. ಇದು ಈ ಕಾಯಿಲೆಯಲ್ಲಿ ಮಾಮೂಲು. ಮನಸ್ಸು ಬೇಡ ಎನ್ನುತ್ತಿರುತ್ತದೆ, ಕತ್ತು ಬೇರೆಯೇ ಹೇಳುತ್ತದೆ. ಬೇಡ ಎನ್ನುವ ಪದವಂತೂ ಎಷ್ಟು ಎಳೆದರೂ ಬರಲಿಲ್ಲ.

ನಾನು ಹೊರಡುವಾಗ ಭಟ್ರು ಗೇಟಿನ ತನಕ ಬಂದರು.

“ಇವಳು ಹಿಂದಿನ ಹಂಗೆ ಮಾತಾಡ್ಬೇಕು ಅಂತ ನಾನು ಕೇಳದಿಲ್ಲ ಡಾಕ್ಟ್ರಮ್ಮ. ಒಂದು ಮಾತು ಹೇಳಿದ್ರೆ ಸಾಕು. ಜಯಪುರದಲ್ಲಿ ಬೇಕರಿ ಇಟ್ಕಂಡವರು ಒಬ್ರು ನಮ್ಮ ಹೋಟೆಲು ನಡೆಸ್ತೀನಿ, ಬಿಟ್ಟುಕೊಡಿ ಅಂತಿದಾರೆ. ಕೊಡದಾ ಬೇಡವಾ ಅಂತ ಇವಳು ಹೇಳ್ಬೇಕು. ಇವಳನ್ನ ಕೇಳದೆ ಇಷ್ಟು ವರ್ಷದಲ್ಲಿ ಒಂದು ಬಾಣಲೆ ತಂದವನಲ್ಲ ನಾನು.”

ಆಯಿತು, ನೋಡೋಣ ಎಂದೆ. ಅಷ್ಟರಲ್ಲೇ ಭಾರ ಹೆಗಲಿಗೆ ಬಂದಿತ್ತು. ನನಗೆ ಬೇಕಾದದ್ದು ಕಥೆಯಲ್ಲ, ಭಾಷಣವಲ್ಲ. ಒಂದು ಹೌದು ಅಥವಾ ಒಂದು ಬೇಡ.

ಆ ಪದದ ಬಗ್ಗೆ ಒಂದು ಮಾತು ಹೇಳಬೇಕು. ಇಂಗ್ಲಿಷ್ ನಿಘಂಟು ತೆರೆದರೆ ಅದಕ್ಕೆ ‘ನಿಜವಾಗಿ’, ‘ವಾಸ್ತವವಾಗಿ’ ಎಂಬ ಅರ್ಥ ಸಿಗುತ್ತದೆ. ನಮ್ಮ ಕಡೆ ಅದು ಅಷ್ಟಕ್ಕೆ ನಿಂತಿಲ್ಲ. ಬ್ಯಾಂಕಿನಲ್ಲಿ ಕಂತು ತಪ್ಪಿದವನು “ಆಕ್ಚುಲಿ ಸರ್, ಏನಾಯ್ತು ಅಂದ್ರೆ” ಎಂದು ಶುರು ಮಾಡುತ್ತಾನೆ. ಹೆಣ್ಣು ಕೊಡಲು ಮನಸ್ಸಿಲ್ಲದವರು “ಆಕ್ಚುಲಿ ಅವಳು ಇನ್ನೂ ಓದ್ತೀನಿ ಅಂತಾಳೆ” ಎನ್ನುತ್ತಾರೆ. ಬಸ್ಸು ಯಾಕೆ ತಡ ಎಂದರೆ ಕಂಡಕ್ಟರನದೂ ಅದೇ ಮುನ್ನುಡಿ. ನಿಜ ಹೇಳುವ ಮೊದಲೂ ಅದು ಬೇಕು, ಸುಳ್ಳು ಹೇಳುವ ಮೊದಲೂ ಅದೇ ಬೇಕು. ಮುಖದ ಮೇಲೆ ಹೊಡೆದಂತೆ ಬೇಡ ಎನ್ನಲು ಬಾರದ ನಮ್ಮಂಥವರು ಆ ಪದ ಹೇಳಿ ನಿಲ್ಲಿಸಿದರೆ, ಉಳಿದದ್ದನ್ನು ಎದುರಿಗಿದ್ದವರೇ ತುಂಬಿಕೊಂಡು ಎದ್ದು ಹೋಗುತ್ತಾರೆ. ನಾನೂ ದಿನಕ್ಕೆಷ್ಟು ಸಲ ಹೇಳುತ್ತೇನೋ, ಎಣಿಸಲು ಹೋಗಿಲ್ಲ.

ಅಕ್ಕನ ಬಾಯಲ್ಲಿ ಅದು ಇನ್ನೂ ಹಿಗ್ಗಿತ್ತು. ಪಕ್ಕದ ಮನೆಯವರು ಯಾರದೋ ಸುದ್ದಿ ಹೇಳಿದರೆ ಕೊನೆ ಮೇಲಕ್ಕೆಳೆದು “ಆಕ್ಚುಲೀ?” ಎನ್ನುವರು, ಹೌದಾ ಮಾರಾಯ್ತಿ ಎಂಬಂತೆ. ಕಾಫಿಗೆ ಸಕ್ಕರೆ ಕಡಿಮೆಯಾದರೆ ಮೊಟಕಾಗಿ, ಚುರುಕಾಗಿ. ಭುಜ ನೋಯುವಾಗ ತಗ್ಗಿದ ದನಿಯಲ್ಲಿ. ಗೋಡೆಯ ಮೇಲಿನ ತಮ್ಮ ಮದುವೆಯ ಫೋಟೋ ಕಂಡಾಗ ಉದ್ದಕ್ಕೆ, ಮೆತ್ತಗೆ. ನಾನು ಹಸುವಿನ ಚಿತ್ರ ತೋರಿಸಿ ಇದೇನು ಎಂದಾಗ ಬರುವುದು ಮಾತ್ರ ಸೋತುಹೋದ ಸಪ್ಪೆ ದನಿ.

ಆದರೂ ಮೊದಲ ಹಂತದಲ್ಲಿ ನಾನು ಕಲಿತ ಕ್ರಮದಂತೆಯೇ ಹೋದೆ. ಅಂಟಿಕೊಂಡ ಪದ ಬೇರೆ ಪದಗಳ ದಾರಿಗೆ ಅಡ್ಡ ನಿಲ್ಲುತ್ತದೆ, ಅದನ್ನು ತಡೆಯಬೇಕು ಎನ್ನುವುದು ಒಂದು ವಿಧಾನ. ‘ಆಕ್ಚುಲಿ’ ಹೊರಡುತ್ತಿದ್ದಂತೆ ನಾನು ಅಂಗೈ ಎತ್ತುತ್ತಿದ್ದೆ. ಅಕ್ಕ ನಿಲ್ಲಿಸಬೇಕು, ಉಸಿರು ಬಿಡಬೇಕು, ಆಮೇಲೆ ನಾನು ಅರ್ಧ ವಾಕ್ಯ ಹೇಳಿದರೆ ಅವರು ಮುಗಿಸಬೇಕು. “ಕುಡಿಯೋಕೆ ಬಿಸಿ ಬಿಸಿ...” ಎಂದರೆ “ಕಾಫಿ”. “ಸೋಮವಾರ, ಮಂಗಳವಾರ...” ಎಂದರೆ “ಬುಧವಾರ”. ಬಾಯಿಪಾಠದ ಪದಗಳು ಹೀಗೆ ಜಾರಿಕೊಂಡು ಬರುತ್ತವೆ. ಅಕ್ಕನಿಗೂ ಬಂದವು. ನಾನು ಒಳಗೊಳಗೇ ಹಿಗ್ಗಿದೆ. ಭಟ್ರು ಹೋಟೆಲಿನಿಂದ ಬನ್ಸ್ ಕಟ್ಟಿಸಿ ತಂದರು.

ಆದರೆ ಬಾಯಿಪಾಠದ ಪದ ಬೇಕಾದಾಗ ಒದಗುವ ಪದವಲ್ಲ. ಬಾಯಾರಿದಾಗ ಅಕ್ಕನಿಗೆ ‘ನೀರು’ ಬರುತ್ತಿರಲಿಲ್ಲ, ‘ಆಕ್ಚುಲಿ’ ಬರುತ್ತಿತ್ತು. ಅದಕ್ಕೆ ನನ್ನ ಅಂಗೈ ಏಳುತ್ತಿತ್ತು. ಕೆಲವು ವಾರಗಳಲ್ಲಿ ಆ ಪದ ಕಡಿಮೆಯಾಯಿತು. ಆಮೇಲೆ ಪೂರ್ತಿ ನಿಂತಿತು. ಅದರ ಜಾಗಕ್ಕೆ ಬೇರೆ ಏನೂ ಬರಲಿಲ್ಲ. ನಾನು ಹೋದರೆ ಅಕ್ಕ ನನ್ನ ಕೈಯನ್ನೇ ನೋಡುತ್ತ ತುಟಿ ಬಿಗಿಹಿಡಿದು ಕೂರತೊಡಗಿದರು.

“ಇದ್ದ ಒಂದೂ ಹೋಯ್ತಲ್ಲ ಡಾಕ್ಟ್ರಮ್ಮ,” ಎಂದರು ಭಟ್ರು. ಬೈದದ್ದಲ್ಲ. ಸುಮ್ಮನೆ ಹೇಳಿದ್ದು. “ಮೊದ್ಲು ಹೋಟ್ಲಿಂದ ಬರೋವಾಗ ಗೇಟ್ ಶಬ್ದ ಕೇಳಿದ್ರೆ ಒಳಗಿಂದ ಒಂದು ಆಕ್ಚುಲಿ ಕೇಳ್ತಿತ್ತು. ಈಗ ಅದೂ ಇಲ್ಲ.”

ನನಗೆ ಅಳು ಬಂತು. ತೋರಿಸಿಕೊಳ್ಳಬಾರದೆಂದು ಚಿತ್ರದ ಕಾರ್ಡುಗಳನ್ನು ಜೋಡಿಸುತ್ತ ಕೂತೆ. ಅವತ್ತು ಪಾಠ ಮಾಡುವ ಮನಸ್ಸಾಗಲಿಲ್ಲ. ಭಟ್ರೂ ಹೋಟೆಲಿಗೆ ಹೋಗಲಿಲ್ಲ. ಮೂವರೂ ಕಾಫಿ ಕುಡಿದೆವು. ಮೌನ ಭಟ್ರಿಗೆ ಆಗಿಬರುವುದಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಹೊಸದಾಗಿ ಮದುವೆಯಾದಾಗ ಸಿರಿಮನೆ ಜಲಪಾತಕ್ಕೆ ಹೋದ ಕಥೆ ತೆಗೆದರು.

“ಮೆಟ್ಲೆಲ್ಲ ಪಾಚಿ. ನಾನು ಹೇಳ್ದೆ, ಜೋಪಾನ ಮಾರಾಯ್ತಿ ಅಂತ. ಇವಳು ಕೇಳ್ಬೇಕಲ್ಲ. ಹೊಸ ಸೀರೆ, ಹೊಸ ಚಪ್ಪಲಿ. ಜಾರಿದ್ಲು. ನಾನು ಗಪ್ಪಂತ ಕೈ ಹಿಡ್ಕಂಡೆ. ಇಲ್ದಿದ್ರೆ ಅವತ್ತೇ...”

“ಆಕ್ಚುಲಿ.”

ದನಿ ಗಟ್ಟಿಯಾಗಿತ್ತು. ಅಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು. ನನ್ನ ಅಂಗೈಯ ನೆನಪೂ ಅವರಿಗಿರಲಿಲ್ಲ.

“ಸರಿ ಸರಿ,” ಎಂದರು ಭಟ್ರು, ತಲೆ ಕೆರೆದುಕೊಳ್ಳುತ್ತ. “ಜಾರಿದ್ದು ನಾನೇ. ಹಿಡ್ಕಂಡಿದ್ದು ಇವಳು.” ಹಾಗೆಂದು ಕಥೆ ಮುಂದುವರಿಸಿದರು.

ನಾನು ಲೋಟ ಕೆಳಗಿಟ್ಟೆ. “ಭಟ್ರೇ, ಈಗ ಏನಾಯ್ತು?”

“ಎಂತ ಆತು?”

“ಅಕ್ಕ ಏನು ಹೇಳಿದ್ರು ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಅದೇನು ಕೇಳುವ ಪ್ರಶ್ನೆ ಎಂಬಂತೆ ಅವರು ನನ್ನನ್ನು ನೋಡಿದರು. ಆಮೇಲೆ ಹೇಳಿದ್ದಿಷ್ಟು. ಹೋಟೆಲಿನಲ್ಲಿ ಭಟ್ರು ಗಲ್ಲಾದ ಹತ್ತಿರ ಕೂತು ಗಿರಾಕಿಗಳಿಗೆ ಕಥೆ ಹೇಳುವುದು, ಅಕ್ಕ ಒಳಗೆ ಅಡುಗೆ. ನಡುವಿನ ಗೋಡೆಯಲ್ಲಿ ತಿಂಡಿ ದಾಟಿಸುವ ಒಂದು ಕಿಂಡಿ. ಭಟ್ರ ಕಥೆ ಸ್ವಲ್ಪ ಉಬ್ಬಿದರೆ ಸಾಕು, ಕಿಂಡಿಯಿಂದ ಅಕ್ಕನ ತಲೆ ಹೊರಗೆ ಬರುತ್ತಿತ್ತು. “ಆಕ್ಚುಲಿ, ಅವತ್ತು ಮಳೆ ಇರ್ಲಿಲ್ಲ.” “ಆಕ್ಚುಲಿ, ಅವ್ರು ನಿಮಗಲ್ಲ ನಮಸ್ಕಾರ ಮಾಡಿದ್ದು, ಹಿಂದೆ ಇದ್ದ ಸ್ವಾಮಿಗಳಿಗೆ.” ಗಿರಾಕಿಗಳಿಗೆ ಕಥೆಗಿಂತ ಆ ತಿದ್ದುಪಡಿಯೇ ಇಷ್ಟ. ಶೃಂಗೇರಿ ಬಸ್ಸಿನ ಡ್ರೈವರಂತೂ ಅದಕ್ಕೆಂದೇ ಕಡುಬು ನಿಧಾನ ತಿನ್ನುತ್ತಿದ್ದನಂತೆ.

“ಶೃಂಗೇರಿ ಕಾಲೇಜಲ್ಲಿ ಪಿಯುಸಿ ಓದಿದ್ದಲ್ವಾ. ಅಲ್ಲಿಂದ ಇವಳು ತಂದ ಆಸ್ತಿ ಅದೊಂದೇ,” ಎಂದರು. “ಈಗ ಕಿಂಡಿಗೆ ಹಲಗೆ ಮುಚ್ಚಿದೀನಿ. ಅಡುಗೆಗೆ ಬೇರೆಯವರು ಇದಾರೆ. ಕಥೆ ಹೇಳಕ್ಕೆ ಬಾಯಿ ಬರಲ್ಲ.”

ನಾವು ತಡೆಯಲು ಹೊರಟದ್ದು ಖಾಲಿ ಶಬ್ದವನ್ನಲ್ಲ. ಅಕ್ಕ ತಮ್ಮ ಬದುಕಿನಲ್ಲಿ ಅತಿ ಹೆಚ್ಚು ಬಾರಿ, ಅತಿ ಪ್ರೀತಿಯಿಂದ ಹೇಳಿದ ಪದವನ್ನು. ಅದರ ಹಿಂದೆ ಯಾವಾಗಲೂ ಇನ್ನೊಂದು ಮಾತು ಬರುತ್ತಿತ್ತು. ಹಾಗಾದರೆ ಅದು ಬಾಗಿಲಿಗೆ ಅಡ್ಡ ನಿಂತದ್ದಲ್ಲ, ಅದೇ ಬಾಗಿಲು. ಅಲ್ಲೇ ಕೂತು ನನ್ನ ಕ್ರಮವನ್ನು ಬದಲಿಸಿದೆ.

“ಅಕ್ಕಾ, ಇನ್ನು ನಾನು ಕೈ ಎತ್ತಲ್ಲ. ಆಕ್ಚುಲಿ ಎಷ್ಟು ಬೇಕಾದ್ರೂ ಹೇಳಿ. ಭಟ್ರೇ, ನೀವೊಂದು ಕೆಲಸ ಮಾಡ್ಬೇಕು. ದಿನಾ ಸುಳ್ಳು ಹೇಳ್ಬೇಕು.”

“ಅದಕ್ಕೆ ಟ್ರೈನಿಂಗ್ ಬ್ಯಾಡ ಬಿಡಿ,” ಎಂದರು ಭಟ್ರು. ಅಕ್ಕ ನಕ್ಕರು. ಬಾಯಿ ಒಂದು ಕಡೆಗಷ್ಟೇ ನಕ್ಕರೂ ನಗು ಪೂರ್ತಿಯಾಗಿತ್ತು.

ವಿಧಾನ ಹೀಗಿತ್ತು. ಭಟ್ರು ಇಬ್ಬರಿಗೂ ಗೊತ್ತಿರುವ ಒಂದು ಕಥೆ ಹೇಳಬೇಕು. ಒಂದು ಕಡೆ ಬೇಕೆಂದೇ ತಪ್ಪು ಹೇಳಿ ನಿಲ್ಲಬೇಕು. ಅಕ್ಕ ‘ಆಕ್ಚುಲಿ’ ಎಂದ ಮೇಲೆ ಯಾರೂ ಮಾತಾಡಬಾರದು. ಅಕ್ಕ ಎಡಗೈ ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತ ಮುಂದಿನ ಪದವನ್ನು ಹುಡುಕಬೇಕು. ತೀರಾ ಕಷ್ಟವಾದರೆ ನಾನು ಮೊದಲ ಅಕ್ಷರಕ್ಕೆ ಬಾಯಿ ಮಾಡಿ ತೋರಿಸುವುದು, ಅಷ್ಟೆ.

ಕೆಟ್ಟದ್ದು ಭಟ್ರಿಂದ. ಅವರಿಂದ ಕಾಯಲಾಗುತ್ತಿರಲಿಲ್ಲ. ಅಕ್ಕ ಹುಡುಕುತ್ತಿರುವುದನ್ನು ನೋಡಲಾರದೆ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಒಂದು ಸಲ ಹೇಳಿದೆ, ಎರಡು ಸಲ ಹೇಳಿದೆ. ಮೂರನೆಯ ಸಲ ನನಗೆ ರೇಗಿತು.

“ಭಟ್ರೇ, ನಿಮ್ಮ ಎಲೆಅಡಿಕೆ ತಟ್ಟೆ ಎಲ್ಲಿದೆ? ಕಥೆ ನಿಲ್ಲಿಸಿದ ಕೂಡ್ಲೆ ಕವಳ ಬಾಯಿಗೆ ಹಾಕಿ. ಅಕ್ಕ ಹೇಳಿ ಮುಗಿಸೋವರೆಗೆ ಉಗೀಬಾರ್ದು.”

ಅದು ನಡೆಯಿತು. ಬಾಯಿ ತುಂಬಿದ ಭಟ್ರು ಕಣ್ಣಲ್ಲೇ ಒದ್ದಾಡುತ್ತ ಕೂತರು. ಕಿಗ್ಗದ ರಸ್ತೆಯಲ್ಲಿ ಅವರ ಸ್ಕೂಟರಿಗೆ ಮೂರು ಕಾಡುಕೋಣ ಅಡ್ಡ ಬಂದ ಕಥೆ ಅದು. ಅಕ್ಕ “ಆಕ್ಚುಲಿ” ಎಂದರು. ಬೆರಳು ತಾಳ ಹಾಕಿತು, ನಿಂತಿತು, ಮತ್ತೆ ಹಾಕಿತು. ಹೊರಗೆ ಯಾವುದೋ ಬಸ್ಸು ಹಾರ್ನ್ ಹೊಡೆದು ಹೋಯಿತು.

“ಒಂ...ದು.”

ಭಟ್ರು ಅಂಗಳಕ್ಕೆ ಓಡಿ ಕವಳ ಉಗಿದು ಬಂದರು. “ಒಂದು! ಹೌದು, ಒಂದೇ!” ಎಂದು ಅಕ್ಕನ ಕೆನ್ನೆ ಹಿಡಿದರು. ಹೊರಗಿನವಳು ಒಬ್ಬಳು ಕೂತಿದ್ದಾಳೆ ಎನ್ನುವುದು ಅವರಿಗೆ ನೆನಪಿರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿದೆ.

ಅದೇ ಕಥೆಯನ್ನು ಮುಂದಿನ ವಾರ ಮತ್ತೆ ಹೇಳಿಸಿದಾಗ ಇನ್ನೊಂದು ಪದ ಬಂತು. “ಆಕ್ಚುಲಿ... ಎ...ಮ್ಮೆ.”

“ಇಷ್ಟು ವರ್ಷ ಊರಿಗೆಲ್ಲ ಕಾಡುಕೋಣ ಅಂತ ಹೇಳಿ ಬಂದಿದ್ದೆ ಡಾಕ್ಟ್ರಮ್ಮ. ಮಾನ ತೆಗೆದ್ಲು,” ಎಂದು ಭಟ್ರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಹೀಗೆ ಪದಗಳು ಒಂದೊಂದಾಗಿ ಬಂದವು. ಎಲ್ಲವೂ ಕಥೆಯೊಳಗೇ. ಕಥೆ ಇಲ್ಲದೆ ನೇರವಾಗಿ ಕೇಳಿದರೆ ಬಾಯಿ ಕಟ್ಟುತ್ತಿತ್ತು. ಬೇಡ ಎನ್ನುವ ಪದ ಕಥೆಯಲ್ಲೂ ಬಂದಿರಲಿಲ್ಲ. ಅಷ್ಟರಲ್ಲಿ ಒಂದು ದಿನ ಭಟ್ರು ಅಕ್ಕನ ಎದುರಿಗೇ ನನಗೆ ಹೇಳಿದರು, “ಜಯಪುರದವರಿಗೆ ಹೂಂ ಅಂದೆ. ಈ ಶುಕ್ರವಾರ ಬಂದು ಮಾತು ಮುಗಿಸ್ತಾರೆ.”

“ಅಕ್ಕನ್ನ ಕೇಳಿದ್ರಾ?”

“ಕೇಳ್ದೆ. ಆಕ್ಚುಲಿ ಅಂದ್ಲು.”

“ಅಂದ್ರೆ?”

“ತಲೆ ಅಡ್ಡ ಅಲ್ಲಾಡಿಸಿದ್ಲು.”

“ಹಾಗಾದ್ರೆ ಬೇಡ ಅಂತ ಅಲ್ವಾ?”

“ಅಲ್ಲ ಡಾಕ್ಟ್ರಮ್ಮ, ನಿಮಗೆ ಗೊತ್ತಾಗಲ್ಲ. ಪಂಕ್ತೀಲಿ ಊಟಕ್ಕೆ ಕೂತವರು ಸಾಕು ಅಂತ ಕೈ ಅಡ್ಡ ಹಿಡಿದ್ರೆ ಬಡಿಸೋದು ನಿಲ್ಲಿಸಿಬಿಡ್ತೇವಾ ನಾವು? ಒಂದು ಸಲ ಬೇಡ ಅನ್ನೋದು ಮರ್ಯಾದೆ. ನನಗೆ ಹೋಟೆಲು ಅಂದ್ರೆ ಜೀವ ಅಂತ ಇವಳು ಹಂಗೆ ಮಾಡದು. ನನಗೆ ಎಂತ ಬೇಕು ಈಗ ಹೋಟೆಲು? ನಾನು ಅಲ್ಲಿ, ಇವಳು ಇಲ್ಲಿ. ಬೆಳಗಿಂದ ಗೋಡೆ ನೋಡ್ತಾ ಕೂರ್ತಾಳೆ. ಇವಳ ಪಕ್ಕ ಇರ್ತೀನಿ ನಾನು.”

ಇಡೀ ಆಯುಷ್ಯ ಬಡಿಸಿದ ಮನುಷ್ಯ, ಬೇಡ ಎಂದವರ ಎಲೆಗೆ ಇನ್ನೊಂದು ಸೌಟು ಹಾಕಿಯೇ ಒಳ್ಳೆಯವನೆನಿಸಿಕೊಂಡವರು. ಅಕ್ಕನ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ನೀನಾದರೂ ಹೇಳು ಎನ್ನುವ ನೋಟ ಅದು ಎಂದು ನನಗನ್ನಿಸಿತು. ಅನ್ನಿಸಿದ್ದನ್ನು ಹೇಳುವ ಹಾಗಿರಲಿಲ್ಲ. ಸರಿ ಮತ್ತು ತಪ್ಪು ಗುರುತಿನ ಎರಡು ಕಾರ್ಡು ಇಟ್ಟು ಹೋಟೆಲು ಕೊಡುವುದಾ ಎಂದು ಕೇಳಿದೆ. ಮೊದಲು ತಪ್ಪಿನ ಗುರುತು ಮುಟ್ಟಿದರು. ಖಾತ್ರಿಗೆಂದು ಪ್ರಶ್ನೆ ತಿರುಗಿಸಿ, ಹೋಟೆಲು ಇಟ್ಟುಕೊಳ್ಳುವುದಾ ಎಂದು ಕೇಳಿದರೆ ಮತ್ತೆ ಅದನ್ನೇ ಮುಟ್ಟಿದರು. ಆಮೇಲೆ ಎರಡನ್ನೂ ಎಡಗೈಯಿಂದ ನೆಲಕ್ಕೆ ತಳ್ಳಿದರು.

ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ, ರೋಗಿಯ ಬಾಯಲ್ಲಿ ನಮ್ಮ ಮಾತು ಇಡಬಾರದು. ಅಕ್ಕನಿಗೆ ಇಷ್ಟವಿಲ್ಲ ಎಂದು ನಾನು ಹೇಳಿದರೆ, ಭಟ್ರ ಬದಲು ನಾನು ಅವರ ಪರವಾಗಿ ಮಾತಾಡಿದಂತಾಯಿತು. ಅವರಿಗೆ ಅದರಿಂದೇನು ಬಂತು? ಮನೆಗೆ ಹೋಗುವ ದಾರಿಯಲ್ಲೆಲ್ಲ ಅದೇ ಯೋಚನೆ. ಅಕ್ಕನಿಗೆ ಮಾತು ಬರುವುದು ಕಥೆ ತಪ್ಪಾದಾಗ. ಕಥೆ ತಪ್ಪಾಗುವ ಜಾಗ ಹೋಟೆಲು. ಅವರು ತಿದ್ದುವ ಜಾಗ ಕಿಂಡಿ. ಮರುದಿನ ಭಟ್ರಿಗೆ ಫೋನ್ ಮಾಡಿದೆ.

“ಶುಕ್ರವಾರದ ಪಾಠ ಹೋಟೆಲಲ್ಲಿ ಮಾಡೋಣ. ಅಡುಗೆಮನೇಲಿ. ಕಿಂಡಿ ಹಲಗೆ ತೆಗೆದಿಡಿ.”

“ಇವಳು ಬರಲ್ಲ ಡಾಕ್ಟ್ರಮ್ಮ. ಜನರ ಎದುರು ಆ ಪದ ಬಂದ್ರೆ ನಾಚಿಕೆ ಅವಳಿಗೆ.”

“ಕೇಳಿ ನೋಡಿ.”

ಫೋನ್ ಹಿಡಿದುಕೊಂಡೇ ಅಕ್ಕನನ್ನು ಕೇಳಿದರು. ಹಿಂದಿನಿಂದ ಮೇಲಕ್ಕೆಳೆದ ಒಂದು “ಆಕ್ಚುಲೀ?” ಕೇಳಿಸಿತು. ಆ ದನಿಯಲ್ಲಿ ಆಸೆ ಇತ್ತು. ಭಟ್ರಿಗೂ ಕೇಳಿಸಿತು, ಅವರು ಮತ್ತೆ ವಾದ ಮಾಡಲಿಲ್ಲ.

ಶುಕ್ರವಾರ ಅಕ್ಕ ಕೋಲು ಹಿಡಿದು, ಇನ್ನೊಂದು ಕಡೆ ನನ್ನ ಹೆಗಲಿಗೆ ಒರಗಿ ಹಿಂದಿನ ಬಾಗಿಲಿನಿಂದ ಒಳಗೆ ಬಂದರು. ಹೊಸ್ತಿಲಲ್ಲಿ ನಿಂತು ಒಂದು ಸುತ್ತು ನೋಡಿದರು. ಪಾತ್ರೆಗಳ ಜಾಗ ಬದಲಾಗಿತ್ತು. ಸ್ಟೂಲಿನ ಮೇಲೆ ಕೂತವರು ಮೊದಲು ಮಾಡಿದ್ದು ಎಡಗೈ ಬೆರಳನ್ನು ಚಟ್ನಿಗೆ ಅದ್ದಿ ನಾಲಿಗೆಗೆ ಇಟ್ಟುಕೊಂಡದ್ದು. ಅಡುಗೆಯವನ ಕಡೆ ತಿರುಗಿ ಮೊಟಕಾಗಿ, “ಆಕ್ಚುಲಿ,” ಎಂದರು. ಆತ ಗಡಿಬಿಡಿಯಿಂದ ಉಪ್ಪಿನ ಡಬ್ಬಿ ಎತ್ತಿಕೊಂಡ. ನನಗೆ ನಗು ತಡೆಯಲಾಗಲಿಲ್ಲ.

ಕಿಂಡಿಯ ಆಚೆ ಹೋಟೆಲಿನಲ್ಲಿ ನಾಲ್ಕಾರು ಜನ ಇದ್ದರು. ಶೃಂಗೇರಿ ಬಸ್ಸಿನ ಡ್ರೈವರು ಕಡುಬಿನ ತಟ್ಟೆ ಮುಂದಿಟ್ಟುಕೊಂಡಿದ್ದ. ಜಯಪುರದ ಬೇಕರಿಯವರು ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಸಭ್ಯ ಮನುಷ್ಯ, ದೊಡ್ಡ ದನಿಯೂ ಇಲ್ಲ. ಡ್ರೈವರು ಕಿಂಡಿಯಲ್ಲಿ ಅಕ್ಕನ ಮುಖ ಕಂಡವನೇ ತುತ್ತು ಕೈಯಲ್ಲೇ ಹಿಡಿದು ಎದ್ದು ನಿಂತ.

“ಅಕ್ಕಾ. ಬಂದ್ರಾ.”

ಅಕ್ಕ ತಲೆ ಒಳಗೆಳೆದುಕೊಂಡರು. ಎಡಗೈ ಬಾಯಿಗೆ ಹೋಯಿತು. ಇದು ಕೈಕೊಟ್ಟಿತು ಎಂದುಕೊಂಡೆ. ವಾಪಸ್ ಕರೆದುಕೊಂಡು ಹೋಗಲಾ ಎಂದು ಅಕ್ಕನನ್ನು ಕೇಳಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು, ಬಿಡಲಿಲ್ಲ.

“ಭಟ್ರೇ, ಒಂದು ಕಥೆ ಬಿಡಿ ಮಾರಾಯ್ರೆ,” ಎಂದ ಡ್ರೈವರು. “ಹೆಂಗೂ ಹೋಟೆಲು ಕೊಡ್ತಿದೀರಂತೆ. ಇದು ಶುರುವಾದ ಕಥೆಯೇ ಹೇಳಿ.”

ಭಟ್ರು ಬೇಕರಿಯವರ ಕಡೆ ನೋಡಿದರು, ಕಿಂಡಿಯ ಕಡೆ ನೋಡಿದರು. ಆಮೇಲೆ ಗಲ್ಲಾದ ಮೇಲೆ ಕೈ ಊರಿ ಶುರು ಮಾಡಿದರು.

“ಆಗ ನಾನು ಶೃಂಗೇರೀಲಿ ಒಬ್ರ ಹೋಟ್ಲಲ್ಲಿ ಸಪ್ಲೈಗೆ ಇದ್ದೆ. ಒಂದಿನ ನನಗೇ ಅನ್ನಿಸ್ತು, ಎಷ್ಟು ದಿನ ಅಂತ ಬೇರೆಯವರ ಲೋಟ ಎತ್ತದು. ನಮ್ಮದೇ ಒಂದು ಮಾಡ್ಬೇಕು ಅಂತ. ಮನೆಗೆ ಬಂದು ಇವಳಿಗೆ ಹೇಳ್ದೆ, ಕೊಪ್ಪದಲ್ಲಿ ಹೋಟೆಲು ಇಡನ ಅಂತ. ಇವಳು ಅತ್ತಳು. ನಡೀದಿದ್ರೆ ಎಂತ ಗತಿ ಅಂತ. ನಾನು ಧೈರ್ಯ ಹೇಳ್ದೆ. ಹೆದರ್ಬೇಡ, ನಾನಿದೀನಿ ಅಂತ.”

“ಆಕ್ಚುಲಿ.”

ಡ್ರೈವರು ತುತ್ತು ತಟ್ಟೆಗೆ ಹಾಕಿದ. ಎಲ್ಲರೂ ಕಿಂಡಿಯ ಕಡೆ ತಿರುಗಿದರು. ಅಕ್ಕನ ಮುಖ ಅಲ್ಲಿತ್ತು. ಭಟ್ರು ಏನೋ ಹೇಳಲು ಬಾಯಿ ತೆರೆದರು. ನಾನು ಅಕ್ಕನ ಹೆಗಲ ಮೇಲಿನಿಂದ ಕೈಯಾಡಿಸಿ ಎಲೆಅಡಿಕೆಯ ಸನ್ನೆ ಮಾಡಿದೆ. ಅವರು ಗಲ್ಲಾದ ಮೇಲಿದ್ದ ತಟ್ಟೆಯಿಂದ ಬರೀ ಎಲೆಯನ್ನೇ, ಸುಣ್ಣವೂ ಇಲ್ಲದೆ, ಬಾಯಿಗೆ ತುರುಕಿಕೊಂಡರು.

ಅಕ್ಕನ ಬೆರಳು ಕಿಂಡಿಯ ಕಟ್ಟೆಯ ಮೇಲೆ ತಾಳ ಹಾಕತೊಡಗಿತು. ನಿಂತಿತು. ಮತ್ತೆ ಶುರುವಾಯಿತು. ನನ್ನ ತುಟಿ ತಾನಾಗಿ ‘ನಾ’ ಎನ್ನಲು ಹೊರಟಿತು, ಕಚ್ಚಿ ಹಿಡಿದೆ. ನನಗೆ ಆ ಕಥೆ ಗೊತ್ತಿರಲಿಲ್ಲ. ಅವರಿಗೆ ಯಾವ ಪದ ಬೇಕಿತ್ತೋ ನನಗೇನು ಗೊತ್ತು?

“ನಾ...ನು,” ಎಂದರು ಅಕ್ಕ. ಉಸಿರು ತೆಗೆದುಕೊಂಡರು. “ನಾನು... ಹೇ...ಳಿ...”

ಭಟ್ರು ಹೊರಗೆ ಹೋಗಿ ಉಗಿದು ಬಂದರು. ಬಾಯಿ ಒರೆಸಿಕೊಳ್ಳಲಿಲ್ಲ. ಕಣ್ಣು ಒರೆಸಿಕೊಂಡರು.

“ಹೌದು,” ಎಂದರು ಬೇಕರಿಯವರಿಗೆ, ಡ್ರೈವರಿಗೆ, ಅಲ್ಲಿದ್ದ ಎಲ್ಲರಿಗೂ. “ಹೋಟೆಲು ಇಡನ ಅಂತ ಹೇಳಿದ್ದು ಇವಳು. ಅತ್ತಿದ್ದು ನಾನು. ಹೆದರ್ಬೇಡಿ, ನಾನಿದೀನಿ ಅಂತ ಹೇಳಿದ್ದೂ ಇವಳೇ. ಇಷ್ಟು ವರ್ಷ ಈ ಕಥೆ ಹೇಳಿದೀನಿ, ಇದೊಂದನ್ನ ಮಾತ್ರ ಇವಳು ಯಾವತ್ತೂ ತಿದ್ದಿರಲಿಲ್ಲ. ನನ್ನ ಮರ್ಯಾದೆ ಅಂತ ಬಿಟ್ಟಿದ್ಲು.”

ಭಟ್ರು ಕಿಂಡಿಯ ಹತ್ತಿರ ಬಂದರು.

“ಹಂಗಾದ್ರೆ ಎಂತ ಮಾಡದು ಮಾರಾಯ್ತಿ? ಕೊಡದಾ?”

ಅಕ್ಕ ಬಾಯಿ ತೆರೆದರು. ಏನೂ ಬರಲಿಲ್ಲ. ತಲೆ ಅಡ್ಡ ಆಡಿತು, ಆಮೇಲೆ ಮೇಲೆ ಕೆಳಗೂ ಆಡಿತು. ಕತ್ತಿನ ಮೇಲೆ ಅವರಿಗೇ ಸಿಟ್ಟು ಬಂದು ಕಟ್ಟೆಯ ಮೇಲೆ ಅಂಗೈ ಬಡಿದರು. ನೇರ ಪ್ರಶ್ನೆಗೆ ಬಾಯಿ ಕಟ್ಟುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡುವಂಥದ್ದೇನೂ ಇರಲಿಲ್ಲ.

ಭಟ್ರು ಸ್ವಲ್ಪ ಹೊತ್ತು ಅವರ ಅಂಗೈಯನ್ನು ನೋಡಿದರು. ಬಡಿದು ಕೆಂಪಾಗಿತ್ತು. ಆಮೇಲೆ ನಿಧಾನವಾಗಿ ಬೇಕರಿಯವರ ಕಡೆ ತಿರುಗಿದರು. ಇಷ್ಟು ದೂರ ಬಂದವರಿಗೆ ಹೇಗೆ ಹೇಳುವುದು ಎಂಬ ಸಂಕೋಚ ಅವರ ಮುಖದಲ್ಲಿ ಕಾಣುತ್ತಿತ್ತು. ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡರು, ಅದನ್ನು ಮಡಿಸಿದರು, ಬಿಚ್ಚಿದರು.

“ಆಕ್ಚುಲಿ,” ಎಂದು ಶುರು ಮಾಡಿದರು ಭಟ್ರು, “ನಮ್ಮ ಪರಿಸ್ಥಿತಿ ಎಂತ ಅಂದ್ರೆ, ನೀವು ಬೇಜಾರು ಮಾಡ್ಕಬಾರ್ದು, ಈಗ ಸದ್ಯಕ್ಕೆ ಒಂದು ಸ್ವಲ್ಪ ದಿನ ನೋಡ್ಕಂಡು, ಆಮೇಲೆ ಬೇಕಿದ್ರೆ...”

“ಬೇಡ.”

ತೊದಲಿಲ್ಲ, ಎಳೆಯಲಿಲ್ಲ. ಅದರ ಹಿಂದೆ ಮುಂದೆ ‘ಆಕ್ಚುಲಿ’ಯೂ ಇರಲಿಲ್ಲ. ಗಂಡ ಸುತ್ತಿಬಳಸುತ್ತಿದ್ದುದನ್ನು ಹೆಂಡತಿ ಅರ್ಧಕ್ಕೆ ಕತ್ತರಿಸಿದ್ದು, ಅಷ್ಟೆ. ಅಕ್ಕನಿಗೇ ಆಶ್ಚರ್ಯವಾಗಿ ನನ್ನ ಕಡೆ ತಿರುಗಿದರು. ನಾನು ಅಳುತ್ತಿದ್ದೆ. ಅಡುಗೆಮನೆಯ ಹೊಗೆ ಎಂದು ಸುಳ್ಳು ಹೇಳಲು ಅಲ್ಲಿ ಹೊಗೆಯೂ ಇರಲಿಲ್ಲ, ಗ್ಯಾಸು.

ಬೇಕರಿಯವರು ಎದ್ದು ಕಿಂಡಿಗೆ ಕೈಮುಗಿದರು. “ಗೊತ್ತಾಯ್ತು ಅಕ್ಕಾ. ಬಂದಿದ್ದಕ್ಕೆ ಒಂದು ಪ್ಲೇಟ್ ಕಡುಬು ಕೊಡಿ, ತಿಂದ್ಕಂಡು ಹೋಗ್ತೀನಿ.”

ಅಕ್ಕ ಎಡಗೈಯಿಂದಲೇ ತಟ್ಟೆಯನ್ನು ಕಿಂಡಿಯಾಚೆ ತಳ್ಳಿದರು. ಚಟ್ನಿ ಸ್ವಲ್ಪ ಚೆಲ್ಲಿತು. ಯಾರೂ ಒರೆಸಲು ಹೋಗಲಿಲ್ಲ. ಭಟ್ರು ಇನ್ನೊಂದು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು, ಯಾರಿಗೆ ಕೊಡಬೇಕೆಂದು ಮರೆತವರ ಹಾಗೆ.

“ಭಟ್ರೇ, ಬಸ್ಸಿಗೆ ಹೊತ್ತಾಯ್ತು,” ಎಂದ ಡ್ರೈವರು, ಏಳುವ ಲಕ್ಷಣವಿಲ್ಲದೆ. “ಕಥೆ ಅರ್ಧಕ್ಕೇ ನಿಂತಿದೆ.”

“ಎಲ್ಲಿದ್ದೆ ನಾನು? ಹಾಂ. ಹೋಟೆಲು ಶುರುವಾದ ಮೊದಲನೇ ದಿನ. ಜನವೋ ಜನ. ಬಾಗಿಲ ತನಕ ಸಾಲು ನಿಂತಿದ್ರು...”

ಆ ತಪ್ಪನ್ನು ಬೇಕೆಂದೇ ಹೇಳಿದರೋ, ಅಭ್ಯಾಸಬಲದಿಂದ ಬಂತೋ ನನಗೆ ತಿಳಿಯಲಿಲ್ಲ. ಕಿಂಡಿಯಲ್ಲಿ ಅಕ್ಕ ಆಗಲೇ ಬಾಯಿ ತೆರೆದಿದ್ದರು. ಭಟ್ರು ಎಲೆಅಡಿಕೆ ತಟ್ಟೆಗೆ ಕೈ ಹಾಕಿದರು.